ಸುಮ್ಮನೆ ಕುಳಿತವರ ಮುಖವೂ ಸಿಟ್ಟಾದಂತೆ ಕಾಣುವುದೇಕೆ?

ಮುಖದ ಆಕಾರವನ್ನೇ ನಮ್ಮ ಮಿದುಳು ಭಾವವೆಂದು ಓದಿಬಿಡುತ್ತದೆ, ಅದಕ್ಕೆ. ಸಿಟ್ಟು ಬಂದಾಗ ಹುಬ್ಬುಗಳು ಮೂಗಿನ ಬುಡದತ್ತ ಇಳಿದು ಗಂಟಿಕ್ಕುತ್ತವೆ, ತುಟಿ ಬಿಗಿಯುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಹುಬ್ಬು ತಗ್ಗಿನಲ್ಲಿರುತ್ತದೆ, ತುಟಿ ತೆಳ್ಳಗಿರುತ್ತದೆ. ರಾತ್ರಿಗೆ ಯಾವ ಸಾರು ಮಾಡುವುದೆಂದು ಯೋಚಿಸುತ್ತಿದ್ದರೂ ಅವರು ಜಗಳಕ್ಕೆ ನಿಂತಂತೆ ಕಾಣುತ್ತಾರೆ, ಪಾಪ.

ಈ ಓದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರೂ ಜನ ‘ಇವನು ಆಕ್ರಮಣಕಾರಿ’, ‘ಇವನನ್ನು ನಂಬಬಹುದು’ ಎಂದು ತೀರ್ಮಾನಿಸಿದರು. ಹೆಚ್ಚು ಸಮಯ ಕೊಟ್ಟಾಗ ಅಭಿಪ್ರಾಯ ಅಷ್ಟೇನೂ ಬದಲಾಗಲಿಲ್ಲ. ಅದರ ಮೇಲಿನ ಭರವಸೆ ಹೆಚ್ಚಿತು, ಅಷ್ಟೆ. ಆ ತೀರ್ಮಾನ ಸರಿಯೇ ಎಂಬುದು ಬೇರೆ ಮಾತು. ಮುಖ ನೋಡಿ ಸ್ವಭಾವ ಹೇಳುವುದರಲ್ಲಿ ನಾವೆಲ್ಲ ಅಂಥ ಜಾಣರೇನಲ್ಲ.

ಆದರೂ ಮಿದುಳು ಹೀಗೇಕೆ ಆತುರಪಡುತ್ತದೆ? ಶಾಂತ ಮನುಷ್ಯನನ್ನು ಕೋಪಿಷ್ಠನೆಂದುಕೊಂಡರೆ ನಷ್ಟ ಕಡಿಮೆ. ಹೊಡೆಯಲು ಬಂದವನನ್ನು ಶಾಂತನೆಂದುಕೊಂಡರೆ ಏಟು ತಿನ್ನಬೇಕಾಗುತ್ತದೆ.

ಬೇಕಿದ್ದರೆ ಕನ್ನಡಿಯ ಮುಂದೆ ನಿಂತು ನೋಡಿ. ಮುಖದ ಸ್ನಾಯುಗಳನ್ನು ಸಡಿಲವಾಗಿಯೇ ಬಿಟ್ಟು, ದೃಷ್ಟಿ ನೇರವಾಗಿಟ್ಟು, ಗಲ್ಲವನ್ನು ಮಾತ್ರ ಸ್ವಲ್ಪ ತಗ್ಗಿಸಿ. ಹುಬ್ಬುಗಳು ಕೆಳಗಿಳಿದು ಓರೆಯಾದಂತೆ ಕಾಣುತ್ತವೆ. ಕಟ್ಟುತ್ತಿರುವ ಮನೆಯ ಮುಂದೆ ತೂಗುಹಾಕುವ ದೃಷ್ಟಿಬೊಂಬೆಗೆ ಬರೆಯುವುದೂ ಬಹುಮಟ್ಟಿಗೆ ಇಂಥದೇ ಹುಬ್ಬು.