ಮಳೆಗಾಲದಲ್ಲಿ ಕೋಳಿ ಶೆಡ್ಡಿನ ಹೊಟ್ಟು ನಾರುತ್ತಿದ್ದರೆ ಎಲ್ಲ ತೆಗೆದು ಹಾಕಬೇಕಾ?

ನೀವು ಕೇಳಿದ್ದು ಇಷ್ಟು: ಕಲಬುರಗಿ ಹತ್ತಿರದ ಹಳ್ಳಿ, ಪರ್ಸಿ (ಕಲ್ಲಿನ ಚಪ್ಪಡಿ) ಹಾಸಿದ, ಪತ್ರಾ (ತಗಡು) ಹೊದಿಸಿದ ಶೆಡ್ಡು, 60 ಜವಾರಿ ಕೋಳಿ. ಡೀಪ್ ಲಿಟರ್ (ನೆಲಕ್ಕೆ ದಪ್ಪಗೆ ಹೊಟ್ಟು ಹಾಸಿ, ಹಿಕ್ಕೆ ಅದರಲ್ಲೇ ಗೊಬ್ಬರವಾಗಲು ಬಿಡೋದು) ಮಾಡೋಣ ಅಂತ ಅರ್ಧ ಅಡಿ ಭತ್ತದ ಹೊಟ್ಟು ಹಾಕಿದ್ದೀರಿ. ಮಳೆ ಹಿಡಿದ ಮೇಲೆ ಒಳಗೆ ಕಾಲಿಟ್ಟರೆ ಕಣ್ಣು ಉರಿಯುತ್ತದೆ. ಎಲ್ಲ ಬಳಿದು ಹೊರಗೆ ಹಾಕಲಾ, ಇಲ್ಲಾ ಮೇಲೆ ಸುಣ್ಣ ಎರಚಲಾ?

ಎರಡೂ ಬೇಡ. ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ. ಹೊಟ್ಟು ಕೆಡೋದು ಹಿಕ್ಕೆಯಿಂದಲ್ಲ, ನೀರಿನಿಂದ. ಒಣಗಿದ ಹೊಟ್ಟಿನಲ್ಲಿ ಹಿಕ್ಕೆ ಪುಡಿಯಾಗಿ ಬೆರೆತು, ಸೂಕ್ಷ್ಮಜೀವಿಗಳ ಕೆಲಸದಿಂದ ನಿಧಾನವಾಗಿ ಗೊಬ್ಬರವಾಗುತ್ತದೆ. ಅದೇ ಹೊಟ್ಟು ನೆನೆದರೆ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ಬೇಗ ಒಡೆದು ಅಮೋನಿಯಾ ಆಗುತ್ತದೆ. ನಿಮ್ಮ ಕಣ್ಣು ಉರಿಸುತ್ತಿರುವುದು ಅದೇ. ನಿಂತು ಮೂಸಿದರೆ ಸಾಲದು, ಶೆಡ್ಡಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಮೂಸಿ. ಕೋಳಿ ಉಸಿರಾಡೋದು ಆ ಎತ್ತರದಲ್ಲಿ.

ನಾನು ಶಹಾಪುರ ತಾಲೂಕಿನವನು. ನಮ್ಮಲ್ಲೂ ಪರ್ಸಿ ನೆಲವೇ. ಶಹಾಬಾದ್ ಕಲ್ಲು ಇಲ್ಲಿ ಸಸ್ತಾ, ತೊಳೆಯಲು ಸುಲಭ, ಇಲಿ ಕೊರೆಯೋದಿಲ್ಲ. ಆದರೆ ಅದು ನೀರು ಹೀರುವುದಿಲ್ಲ. ಮಣ್ಣಿನ ನೆಲವಾದರೆ ಸ್ವಲ್ಪ ತೇವ ಕೆಳಗೆ ಇಳಿಯುತ್ತದೆ, ಪರ್ಸಿ ಮೇಲೆ ಎಲ್ಲವೂ ಹೊಟ್ಟಿನ ತಳದಲ್ಲೇ ನಿಲ್ಲುತ್ತದೆ. ಮೇಲೆ ಒಣಗಿದಂತೆ ಕಂಡರೂ ಸಲಿಕೆ ಹಾಕಿ ಎತ್ತಿದರೆ ತಳ ಕಪ್ಪಗೆ ಅಂಟಾಗಿರುತ್ತದೆ. ಇನ್ನೊಂದು, ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಪರ್ಸಿ ಸಂದುಗಳನ್ನು ಬಾಯಿ ಬಿಡಿಸುತ್ತದೆ. ಆ ಸಂದಿನಿಂದ ತೇವ ಮೇಲಕ್ಕೆ ಬರುತ್ತದೆ. ಒಂದು ಮೂಲೆಯ ಹೊಟ್ಟು ಸರಿಸಿ ನೋಡಿ. ಸಂದು ಒದ್ದೆ ಇದ್ದರೆ ಸಿಮೆಂಟ್ ತುಂಬಲೇಬೇಕು. ಗೋಡೆಯ ಹೊರಗೆ ಗರಸು (ಜಲ್ಲಿ ಮಣ್ಣು) ಹಾಕಿ ನೀರು ಆಚೆ ಹರಿಯುವಂತೆ ಇಳಿಜಾರು ಮಾಡಿ.

ಆಮೇಲೆ ಕುಡಿಯುವ ನೀರು. ದೊಡ್ಡ ಕೋಳಿ ದಿನಕ್ಕೆ ಸುಮಾರು 200ರಿಂದ 250 ಮಿಲಿ ಕುಡಿಯುತ್ತದೆ, ಬಿಸಿಲಿನಲ್ಲಿ ಇನ್ನೂ ಜಾಸ್ತಿ. 60 ಕೋಳಿಗೆ ಅಂದರೆ ಕಡಿಮೆ ಅಂದರೂ 12 ಲೀಟರ್. ಅದರಲ್ಲಿ ದೊಡ್ಡ ಪಾಲು ಹಿಕ್ಕೆಯ ಜೊತೆ ಹೊಟ್ಟಿಗೇ ಬರುತ್ತದೆ. ಅದರ ಮೇಲೆ ನೀರಿನ ತಟ್ಟೆಯೂ ಚೆಲ್ಲಿದರೆ ಯಾವ ಹೊಟ್ಟೂ ತಡೆಯುವುದಿಲ್ಲ. ತಟ್ಟೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಎತ್ತಿ ಇಡಿ. ಕೆಳಗೆ ಹೊಟ್ಟು ಹಾಕಬೇಡಿ, ಬರೀ ಪರ್ಸಿ ಮೇಲೆ ಇಟ್ಟಿಗೆ ಜೋಡಿಸಿ ಅದರ ಮೇಲೆ ಜಾಳಿಗೆ ಇಡಿ. ಬಾಗಿಲ ಪಕ್ಕದಲ್ಲಾದರೆ ಚೆಲ್ಲಿದ್ದು ಹೊರಗೇ ಹೋಗುತ್ತದೆ.

ಮಳೆ ಬಂತು ಅಂತ ಸುತ್ತ ಗೋಣಿಚೀಲ, ತಾಡಪತ್ರಿ ಕಟ್ಟಿ ಶೆಡ್ಡು ಮುಚ್ಚುವವರನ್ನು ನೋಡಿದ್ದೇನೆ. ಬಹಳ ಸಲ ವಾಸನೆ ಶುರುವಾಗೋದೇ ಅವತ್ತಿನಿಂದ. ಇರಚಲು ಹೊಡೆಯುವ ಕಡೆ ಕೆಳಗಿನಿಂದ ಮುಚ್ಚಿ, ಆದರೆ ಪತ್ರಾ ಕೆಳಗೆ ಒಂದು ಅಡಿಯಾದರೂ ಗಾಳಿಗೆ ಬಿಡಿ. ಒಳಗಿನ ಹಸಿ ಗಾಳಿ ಹೋಗಲು ದಾರಿ ಇಲ್ಲದಿದ್ದರೆ ಬೆಳಗಿನ ತಂಪಿಗೆ ಪತ್ರಾದಿಂದಲೇ ಹನಿ ಉದುರುತ್ತದೆ.

ಈಗ ಇರುವ ಹೊಟ್ಟಿಗೆ ಏನು ಮಾಡೋದು? ಗಟ್ಟಿಯಾದ ಹೆಂಟೆಗಳನ್ನು ಮಾತ್ರ ಆರಿಸಿ ತಿಪ್ಪೆಗೆ ಹಾಕಿ. ಉಳಿದದ್ದನ್ನು ತಳದವರೆಗೆ ತಿರುವಿ ಹಾಕಿ, ಮೇಲೆ ಎರಡು ಇಂಚು ಒಣ ಹೊಟ್ಟು ಹರಡಿ. ವಾರಕ್ಕೆ ಒಮ್ಮೆಯಾದರೂ ಕೆದಕಿ, ಮಳೆ ಬಿಡದೆ ಹೊಡೆಯುವಾಗ ಎರಡು ಸಲ. ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಉಂಡೆ ಹಾಗೇ ನಿಂತರೆ ತೇವ ಜಾಸ್ತಿ. ಕೈ ಬಿಟ್ಟ ಕೂಡಲೇ ಸಡಿಲವಾಗಿ ಒಡೆದರೆ ಸರಿ ಇದೆ. ಧೂಳೆದ್ದರೆ ತೀರಾ ಒಣಗಿದೆ, ಅದೂ ಕೋಳಿಯ ಉಸಿರಿಗೆ ಒಳ್ಳೆಯದಲ್ಲ. ಜವಾರಿ ಕೋಳಿ ಇದ್ದರೆ ಅರ್ಧ ಕೆಲಸ ಅವೇ ಮಾಡುತ್ತವೆ. ರಾತ್ರಿ ಕೂರುವ ಬೊಂಬಿನ ಕೆಳಗೆ ಹಿಕ್ಕೆ ಗುಡ್ಡೆ ಬೀಳುತ್ತದಲ್ವಾ, ಸಂಜೆ ಅಲ್ಲಿ ಒಂದೆರಡು ಹಿಡಿ ಜೋಳ ಎರಚಿ. ಕೆದರಿ ಕೆದರಿ ಸಮ ಮಾಡುತ್ತವೆ. ಬ್ರಾಯ್ಲರ್ ಕೋಳಿಯಿಂದ ಈ ಕೆಲಸ ಆಗೋದಿಲ್ಲ.

ಸುಣ್ಣದ ವಿಷಯ. ಶೆಡ್ಡು ಖಾಲಿ ಮಾಡಿದಾಗ ಬರೀ ನೆಲಕ್ಕೆ, ಗೋಡೆಗೆ ಸುಣ್ಣ ಹಚ್ಚೋದು ಒಳ್ಳೆಯದು. ಆದರೆ ಈಗಾಗಲೇ ನಾರುವ ಹೊಟ್ಟಿಗೆ ಹಾಕಿದರೆ ಕ್ಷಾರ ಹೆಚ್ಚಿ, ಒಳಗಿದ್ದ ಅಮೋನಿಯಾ ಇನ್ನೂ ಜೋರಾಗಿ ಮೇಲೇಳುತ್ತದೆ. ಎಲ್ಲರೂ ಸುಮ್ನೆ "ಸುಣ್ಣ ಹಾಕು" ಅಂತಾರೆ, ಕೇಳಬೇಡಿ.

ಹೊಟ್ಟು ಯಾವುದು ಅಂತ ಬೇರೆಯವರೂ ಕೇಳುತ್ತಿರುತ್ತಾರೆ. ನಾರಾಯಣಪುರ ಕಾಲುವೆ ನೀರಿನಿಂದ ನಮ್ಮ ಶಹಾಪುರ, ಸುರಪುರ ಕಡೆ ಭತ್ತ ಬೆಳೆಯುತ್ತಾರೆ, ರೈಸ್ ಮಿಲ್ಲಿನಲ್ಲಿ ಹೊಟ್ಟು ಸಿಗುತ್ತದೆ. ನಿಮ್ಮ ಕಡೆ ಮಿಲ್ಲು ದೂರವಾದರೆ ಶೇಂಗಾ ಸಿಪ್ಪೆ ಆಗುತ್ತದೆ, ಆದರೆ ಬೂಷ್ಟು ಹಿಡಿದಿರಬಾರದು, ಬೂಷ್ಟಿನಿಂದ ಕೋಳಿಗೆ ಶ್ವಾಸಕೋಶದ ರೋಗ ಬರುತ್ತದೆ. ತೊಗರಿ ಹೊಟ್ಟನ್ನು ನೆಲಕ್ಕೆ ಹಾಸಲು ಮನಸ್ಸು ಬರೋದಿಲ್ಲ, ಅದು ದನಕ್ಕೇ ಬೇಕು. ಜೋಳದ ಕಣಕಿಯೂ ಹಾಗೇ.

ಇನ್ನು ಬೇಸಿಗೆ. ಮಳೆನಾಡಿಗೆ, ಚಳಿ ದೇಶಕ್ಕೆ ಹೇಳಿದ ಹಾಗೆ ಒಂದು ಅಡಿ ದಪ್ಪ ಹೊಟ್ಟು ಇಟ್ಟುಕೊಂಡು ನಮ್ಮ ಮೇ ತಿಂಗಳು ದಾಟಲಾಗದು. ಕೊಳೆಯುವ ಹೊಟ್ಟು ಒಳಗೇ ಬಿಸಿ ಹುಟ್ಟಿಸುತ್ತದೆ, ಹೊರಗೆ 42, 43 ಡಿಗ್ರಿ ಇರುವಾಗ ಅದು ಕೋಳಿಗೆ ಶಿಕ್ಷೆ. ನಾನು ಏಪ್ರಿಲ್ ಹೊತ್ತಿಗೆ ಹೆಚ್ಚಿನ ಭಾಗ ತೆಗೆದು ಎರಡು ಇಂಚಿಗೆ ಇಳಿಸುತ್ತೇನೆ. ಪೂರ್ತಿ ತೆಗೆಯುವುದಿಲ್ಲ. ಕೋಳಿಗಳು ಆರೋಗ್ಯವಾಗಿದ್ದರೆ ಕಾಲು ಭಾಗ ಹಳೆಯದನ್ನು ಹೊಸ ಹೊಟ್ಟಿಗೆ ಬೆರೆಸುತ್ತೇನೆ, ಕೊಳೆಸುವ ಜೀವಿಗಳು ಅದರಲ್ಲೇ ಇರುತ್ತವೆ. ಮುಂಗಾರು ಬರುವಷ್ಟರಲ್ಲಿ ಮತ್ತೆ ನಾಲ್ಕು ಇಂಚು, ಚಳಿಗೆ ಆರು.

ತೆಗೆದ ಗೊಬ್ಬರದಲ್ಲಿ ಸಾರಜನಕ ಸುಮಾರು 3 ಪರ್ಸೆಂಟ್ ಇರುತ್ತದೆ, ಸಗಣಿ ಗೊಬ್ಬರಕ್ಕಿಂತ ಎಷ್ಟೋ ಹೆಚ್ಚು. ಗುಂಪು ಹಾಕಿ ಕಳಿತ ಮೇಲೆ ಹತ್ತಿಗೆ, ಮೆಣಸಿನಕಾಯಿಗೆ ಕೊಡಿ. ತೊಗರಿ ಸಾರಜನಕವನ್ನು ತಾನೇ ಗಾಳಿಯಿಂದ ಹಿಡಿದುಕೊಳ್ಳುತ್ತದೆ, ಅದಕ್ಕೆ ಸುರಿಯೋದು ದಂಡ.

ಒಂದು ಎಚ್ಚರಿಕೆ. ಮರಿಗಳನ್ನು ಈ ಹಳೆ ಹೊಟ್ಟಿನ ಮೇಲೆ ಬಿಡಬೇಡಿ, ಬೇರೆ ಕಡೆ ಹೊಸ ಹೊಟ್ಟಿನಲ್ಲಿ ಸಾಕಿ. ಒದ್ದೆ ಹೊಟ್ಟಿನಲ್ಲಿ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಬೇಗ ಹರಡುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅವತ್ತೇ ದನದ ದವಾಖಾನೆಗೆ ಹೋಗಿ, ಕಾಯಬೇಡಿ.

ಶೆಡ್ಡಿನ ಅಳತೆ ನೀವು ಬರೆದಿಲ್ಲ. ಒಂದು ಕೋಳಿಗೆ ಎರಡರಿಂದ ಎರಡೂವರೆ ಚದರ ಅಡಿ ಬೇಕು, ನಿಮ್ಮ 60ಕ್ಕೆ 120ರಿಂದ 150. ಅದಕ್ಕಿಂತ ಇಕ್ಕಟ್ಟಾಗಿದ್ದರೆ ಮೇಲಿನದ್ದೆಲ್ಲ ಮಾಡಿದರೂ ವಾಸನೆ ಪೂರ್ತಿ ಹೋಗೋದಿಲ್ಲ. ಅಳತೆ ತಿಳಿಸಿ, ನೋಡೋಣ.