ಮಂಪರು ಕೊಟ್ಟ ಇಲಿಗೆ ಶುಗರ್ ಏಕೆ ಏರುತ್ತದೆ?

ಪ್ರಶ್ನೆ: ಫಾರ್ಮಸಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಧುಮೇಹಕ್ಕೆ ಒಂದು ಗಿಡಮೂಲಿಕೆಯ ಸಾರವನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದೇನೆ. ಮಂಪರಿಗೆ ಕೀಟಮೈನ್-ಝೈಲಜೀನ್ ಎಂಬ ಎರಡು ಔಷಧ ಕೊಟ್ಟು, ಅರ್ಧ ಗಂಟೆ ಬಿಟ್ಟು ರಕ್ತ ತೆಗೆಯುತ್ತೇನೆ. ಏನೂ ಕಾಯಿಲೆ ಇಲ್ಲದ ಇಲಿಗಳಲ್ಲೂ ಶುಗರ್ 250 ದಾಟುತ್ತಿದೆ. ಗ್ಲುಕೋಮೀಟರ್ ಎರಡು ಸಲ ಬದಲಿಸಿದೆ. ಏನು ತಪ್ಪಾಗುತ್ತಿದೆ?

ಉತ್ತರ: ಗ್ಲುಕೋಮೀಟರ್ ಪಾಪ, ಸರಿಯಾಗಿಯೇ ಹೇಳುತ್ತಿರಬೇಕು. ನನಗೆ ಅನುಮಾನ ಇರುವುದು ಝೈಲಜೀನ್ ಮೇಲೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಲ್ಲಿ ಆಲ್ಫಾ-2 ಗ್ರಾಹಕಗಳಿವೆ, ಅಂದರೆ ಔಷಧ ಅಂಟಿಕೊಳ್ಳುವ ತಾಣಗಳು. ಝೈಲಜೀನ್ ಅಲ್ಲಿ ಹೋಗಿ ಕೂತರೆ ಇನ್ಸುಲಿನ್ ಹೊರಬರುವುದು ತಗ್ಗುತ್ತದೆ. ಹೊಟ್ಟೆ ತುಂಬ ತಿಂದ ಇಲಿಯಲ್ಲಿ ಆಗ ಶುಗರ್ ಸರಸರ ಏರುತ್ತದೆ. ಹೋಲಿಕೆಗೆಂದು ಇಟ್ಟ ಇಲಿಯನ್ನೇ ನಾವು ಕೈಯಾರೆ ಮಧುಮೇಹಿ ಮಾಡಿದರೆ ನಿಮ್ಮ ಸಾರದ ಗುಣ ಗೊತ್ತಾಗುವುದು ಹೇಗೆ, ಅಲ್ವಾ?

ಮೊದಲು ಒಂದು ಮಾತು ಕೇಳುತ್ತೇನೆ. ಒಂದು ಹನಿ ರಕ್ತಕ್ಕೆ ಮಂಪರು ಬೇಕೇ ಬೇಕಾ? ಒಂದು ವಾರ ದಿನಾ ಕೈಗೆತ್ತಿಕೊಂಡು ಅಭ್ಯಾಸ ಮಾಡಿಸಿದ ಇಲಿ, ಬಾಲದ ತುದಿಗೆ ಸೂಜಿ ಚುಚ್ಚಿದರೆ ಸುಮ್ನೆ ಕೂರುತ್ತದೆ. ಹೆದರಿದ ಇಲಿಯಲ್ಲೂ ಶುಗರ್ ಏರುವುದರಿಂದ ಈ ಅಭ್ಯಾಸವನ್ನು ಮಾತ್ರ ಬಿಡಬೇಡಿ. ನಾನಾದರೆ ಇದನ್ನೇ ಮಾಡುತ್ತೇನೆ.

ಜಾಸ್ತಿ ರಕ್ತ ಬೇಕು, ಮಂಪರು ಬಿಡಲಾಗದು ಎಂದಾದರೆ ಐಸೋಫ್ಲುರೇನ್ ಎಂಬ ಮಂಪರು ಅನಿಲ ನೋಡಿ. ಅದೂ ಸಾಧು ಏನಲ್ಲ, ಇನ್ಸುಲಿನ್ನನ್ನು ಅದೂ ತಡೆಯುತ್ತದೆ. ಆದರೆ ಏರಿಕೆ ಸಾಮಾನ್ಯವಾಗಿ ಕಡಿಮೆ, ಅನಿಲ ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಇಲಿ ಏಳುತ್ತದೆ. ಯಾವುದನ್ನೇ ಬಳಸಿ, ಎಲ್ಲ ಗುಂಪುಗಳಿಗೂ ಅದೇ ಔಷಧ, ಅದೇ ಹೊತ್ತು ಇರಲಿ.

ಉಪವಾಸ ಹಾಕಿದರೆ ಈ ಏರಿಕೆ ಬಹಳ ತಗ್ಗುತ್ತದೆ. ಆದರೆ ರಾತ್ರಿಯಿಡೀ ಬೇಡ. ಇಲಿ ಹೆಚ್ಚು ತಿನ್ನುವುದೇ ರಾತ್ರಿ. ನಮಗೆ ಒಂದು ಹೊತ್ತಿನ ಊಟ ತಪ್ಪಿದ ಹಾಗೆ ಅಲ್ಲ ಅದು. ತೂಕ ಇಳಿಯುತ್ತದೆ, ಯಕೃತ್ತು ಕೂಡಿಟ್ಟ ಸಕ್ಕರೆ (ಗ್ಲೈಕೋಜನ್) ಖಾಲಿಯಾಗುತ್ತದೆ. ಬೆಳಿಗ್ಗೆ ಆಹಾರ ತೆಗೆದು 4–6 ಗಂಟೆ ಕಾದರೆ ಸಾಕು. ನೀರು ತೆಗೆಯಲೇಬೇಡಿ. ಆಪರೇಷನ್‌ಗೆ ಮುಂಚೆ ನಮ್ಮನ್ನು ಖಾಲಿ ಹೊಟ್ಟೆಯಲ್ಲಿ ಇರಿಸುವುದು ವಾಂತಿಯ ಭಯಕ್ಕೆ. ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ!

ಝೈಲಜೀನ್ ಕೊಟ್ಟ ಇಲಿ ಜಾಸ್ತಿ ಮೂತ್ರ ಮಾಡುವುದನ್ನು ನೀವೂ ನೋಡಿರಬಹುದು. ಆ ನಷ್ಟ ತುಂಬಲು ಬೆಚ್ಚಗಿನ ಸಲೈನನ್ನು ಚರ್ಮದಡಿ ಕೊಡಿ. ಮೈ ತಣ್ಣಗಾಗಲೂ ಬಿಡಬೇಡಿ. ಸಣ್ಣ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ತಣ್ಣಗಾದರೆ ಔಷಧದ ಪ್ರಭಾವ ಇಳಿಯುವುದೂ ನಿಧಾನ. ಮಂಪರು ಹತ್ತಿದ ಕೂಡಲೇ ಬಿಸಿ ಪ್ಯಾಡ್ ಮೇಲೆ ಬಟ್ಟೆ ಹಾಸಿ ಮಲಗಿಸಿ. ಮೈ 37 ಡಿಗ್ರಿ ಆಸುಪಾಸು ಇರಲಿ, ಎದ್ದು ಓಡಾಡುವವರೆಗೂ ಬೆಚ್ಚಗಿಡಿ.

ರಕ್ತ ತೆಗೆದಾದ ಮೇಲೆ ಅಟಿಪಮೆಜೋಲ್ ಎಂಬ ಮರುಮದ್ದು ಕೊಟ್ಟರೆ ಝೈಲಜೀನ್ ಹಿಡಿತ ಬಿಡುತ್ತದೆ, ಇನ್ಸುಲಿನ್ ಮೇಲಿನ ತಡೆಯೂ ಹೋಗುತ್ತದೆ. ಆತುರ ಬೇಡ. ಕೀಟಮೈನ್‌ಗೆ ಮರುಮದ್ದಿಲ್ಲ. ಅದು ಇಳಿಯುವ ಮೊದಲೇ ಕೊಟ್ಟರೆ ಇಲಿ ಸೆಟೆದುಕೊಂಡು ಒದ್ದಾಡುತ್ತದೆ.

ವಿಧಾನ ಬದಲಿಸುವ ಮುಂಚೆ ನಿಮ್ಮ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯಿರಿ. ಈವರೆಗಿನ ರೀಡಿಂಗ್‌ಗಳನ್ನು ಹೊಸದರ ಜೊತೆ ಒಂದೇ ಪಟ್ಟಿಗೆ ಸೇರಿಸಬೇಡಿ.