ಸಿರುಗುಪ್ಪದ ಅಣ್ಣನಿಗೆ: ವ್ಯಾಗನ್ ಆರ್‌ನಲ್ಲಿ ರಾತ್ರಿ ಮಲಗುವ ವಿಚಾರ

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆನೇ ನೋಡಿದೆ, ಬರೆಯೋಕೆ ಪುರುಸೊತ್ತು ಇವತ್ತು ಸಿಕ್ಕಿತು. ಬ್ಯಾಡಗಿಗೆ ಮೆಣಸಿನಕಾಯಿ ಹಾಕಿದಾಗೆಲ್ಲ ಲಾಡ್ಜಿಗೆ ದುಡ್ಡು ಕೊಟ್ಟು ಸಾಕಾಗಿದೆ, ಭತ್ತದ ಕೊಯ್ಲಿಗೆ ಮಷಿನ್ ಕಾಯುತ್ತಾ ಹೊಲದಲ್ಲೇ ರಾತ್ರಿ ಕಳೆಯಬೇಕು, ಹಳೇ ವ್ಯಾಗನ್ ಆರ್‌ನ ಹಿಂದಿನ ಸೀಟು ಕಿತ್ತು ಹಾಸಿಗೆ ಮಾಡಿಸಲಾ, ರಾತ್ರಿಯೆಲ್ಲ ಎಸಿ ಹಾಕಿಕೊಂಡು ಮಲಗಬಹುದಾ ಅಂತ ಕೇಳಿದ್ದೀರಿ. ನಾನು ಕಾರಟಗಿ ಕಡೆಯವನು. ನನ್ನದೂ ಅದೇ ಕಾರು, ಅದೇ ಗೋಳು. ನಾಲ್ಕು ವರ್ಷದಿಂದ ಅದರಲ್ಲೇ ಮಲಗುತ್ತಿದ್ದೇನೆ. ನಿಮ್ಮ ಎರಡು ಪ್ರಶ್ನೆಗೂ ನನ್ನ ಉತ್ತರ ಒಂದೇ: ಬೇಡ.

ಎಸಿ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಂತ ಕಾರಿನಲ್ಲಿ ಇಂಜಿನ್ ಚಾಲೂ ಇಟ್ಟು, ಗಾಜು ಏರಿಸಿ ಮಲಗಬಾರದು. ಸೈಲೆನ್ಸರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಳೇ ಗಾಡಿಯ ಸೈಲೆನ್ಸರ್‌ನಲ್ಲಿ ಎಲ್ಲೋ ಒಂದು ಸಣ್ಣ ತೂತು ಇದ್ದರೂ ಸಾಕು, ಹೊಗೆ ಒಳಗೆ ಬರುತ್ತದೆ. ಗೋಡೆಗೋ ಬಣವೆಗೋ ಹಿಂಬದಿ ಒತ್ತಿ ನಿಲ್ಲಿಸಿದ್ದರೆ ಇನ್ನೂ ಜಾಸ್ತಿ. ಎಚ್ಚರ ಇದ್ದವನಿಗಾದರೆ ತಲೆನೋವು, ವಾಂತಿ ಬಂದು ಗೊತ್ತಾಗಬಹುದು. ನಿದ್ದೆಯಲ್ಲಿ ಇರುವವನಿಗೆ ಗೊತ್ತೇ ಆಗುವುದಿಲ್ಲ. ಸೊಳ್ಳೆ ಬತ್ತಿಯನ್ನೂ ಕಾರಿನೊಳಗೆ ಹಚ್ಚಬೇಡಿ.

ಈಗ ನಾನು ಮಾಡಿದ ದಡ್ಡತನ ಕೇಳಿ. ಮೊದಲ ವರ್ಷ ಬಡಿಗೇರ ಕಡೆ ಹೋಗಿ ಪ್ಲೈವುಡ್ ಕೊಯ್ಸಿ, ಬಿಜಾಗ್ರಿ ಹಾಕಿಸಿ, ಮೂರು ಮಡಿಕೆ ಮಂಚ ಮಾಡಿಸಿದೆ. ಮೇಲೆ ಫೋಮ್, ಅದರ ಮೇಲೆ ಹೊಸ ಬೆಡ್‌ಶೀಟ್. ನೋಡೋಕೆ ಸ್ಲೀಪರ್ ಬಸ್ಸಿನ ಹಾಗೆ ಇತ್ತು. ಬೇಸಿಗೆ ಭತ್ತದ ಕೊಯ್ಲು, ಏಪ್ರಿಲ್ ಕೊನೆ. ನಮ್ಮ ಕಡೆ ಆಗ 40 ಡಿಗ್ರಿ ಮೇಲೇ ಅಲ್ವಾ. ರಾತ್ರಿ ಹತ್ತಕ್ಕೆ ಒಳಗೆ ಹೊಕ್ಕೆ. ಗಾಜು ಏರಿಸಿದರೆ ಬೆವರು, ಇಳಿಸಿದರೆ ಕಾಲುವೆ ಸೊಳ್ಳೆ. ಹನ್ನೊಂದೂವರೆಗೆ ಎದ್ದು ಬಂದು ಟ್ರ್ಯಾಕ್ಟರ್ ಟ್ರಾಲಿ ಮೇಲೆ ಮಲಗಿದೆ. ಹಾಸಿಗೆಗೆ ಮೂರು ಸಾವಿರ ಹಾಕಿದ್ದೆ, ಗಾಳಿಗೆ ಮೂರು ರೂಪಾಯಿನೂ ಹಾಕಿರಲಿಲ್ಲ. ಆ ಮಂಚ ಈಗ ಮನೆಯಲ್ಲಿ ಶಾವಿಗೆ ಒಣಗಿಸೋಕೆ ಇದೆ.

ಹಾಗಾಗಿ ಮೊದಲು ಹಿಂದಿನ ಕಿಟಕಿಗಳಿಗೆ ಸೊಳ್ಳೆ ಪರದೆ ಮಾಡಿಸಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವಿಲ್ಲ, ಪರಿಚಯದವರು ಯಾರಾದರೂ ಇದ್ದೇ ಇರುತ್ತಾರೆ. ಸೊಳ್ಳೆ ಪರದೆಯ ನೈಲಾನ್ ಬಟ್ಟೆ ತೆಗೆದುಕೊಂಡು ಹೋಗಿ, ದಿಂಬಿನ ಗವಸು ಇರುತ್ತದಲ್ಲ, ಆ ತರ ಹೊಲಿಯಲು ಹೇಳಿ. ಮೂರು ಕಡೆ ಮುಚ್ಚಿರಬೇಕು, ಕೆಳಗೆ ಬಾಯಿ ಬಿಟ್ಟಿರಬೇಕು, ಬಾಯಿಗೆ ಎಲಾಸ್ಟಿಕ್. ಹಿಂದಿನ ಬಾಗಿಲು ತೆರೆದು, ಮೇಲಿಂದ ಟೋಪಿ ಹಾಕಿದ ಹಾಗೆ ಇಳಿಸಿ, ಗಾಜಿನ ಕೆಳಗೆ ಒಂದು ಗೇಣು ಬರುವವರೆಗೆ ಎಳೆದು, ಬಾಗಿಲು ಹಾಕಿದರೆ ಮುಗಿಯಿತು. ಗಾಜು ಪೂರ್ತಿ ಇಳಿಸಿದರೂ ಒಂದು ಸೊಳ್ಳೆ ಬರುವುದಿಲ್ಲ. ಬಾಗಿಲು ತೆಗೆದು ಹಾಕಿ ಮಾಡಿದರೂ ಪರದೆ ಬಾಗಿಲ ಜೊತೆಗೇ ಇರುತ್ತದೆ. ಅಳತೆ ತೆಗೆಯುವಾಗ ಗಾಜಿನ ಅಳತೆ ಕೊಡಬೇಡಿ, ನಾನು ಮೊದಲನೇ ಸಲ ಕೊಟ್ಟು ಕೆಟ್ಟೆ. ಬಾಗಿಲಿನ ಚೌಕಟ್ಟಿನ ಹೊರಗಿನ ಅಳತೆ ಬೇಕು, ಅದಕ್ಕೆ ಎರಡು ಬೆರಳು ಸಡಿಲ. ಟೈಟಾದರೆ ಬಾಗಿಲಿನ ಮೂಲೆಗೆ ಸಿಕ್ಕಿ ಹರಿಯುತ್ತದೆ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಹೊಲಿಸುವುದೂ ಬೇಕಿಲ್ಲ, ತಿರುವಿ ಹಾಕಿದರೆ ಎರಡೂ ಕಡೆ ಬರುತ್ತದೆ. ಮಳೆ ಬಂದರೆ ಮಾತ್ರ ತೆಗೆದುಬಿಡಿ, ಬಟ್ಟೆ ಹಿಡಿದುಕೊಂಡು ನೀರು ಒಳಗೆ ಇಳಿಯುತ್ತದೆ. ಕಿಟಕಿ ಮೇಲೆ ರೇನ್ ವೈಸರ್, ಅಂದರೆ ಮಳೆ ನೀರು ತಡೆಯುವ ಪ್ಲಾಸ್ಟಿಕ್ ಪಟ್ಟಿ, ಇದ್ದರೆ ಮಳೆಯಲ್ಲೂ ಎರಡು ಬೆರಳು ಗಾಜು ಇಳಿಸಿಡಬಹುದು. ಇಡಲೇಬೇಕು, ಇಲ್ಲದಿದ್ದರೆ ಬೆಳಿಗ್ಗೆ ಗಾಜಿನ ಒಳಗೆಲ್ಲ ನಮ್ಮ ಉಸಿರಿನ ನೀರೇ ಹರಿಯುತ್ತಿರುತ್ತದೆ.

ಆಮೇಲೆ ಫ್ಯಾನು. ಯುಎಸ್‌ಬಿಯ ಕ್ಲಿಪ್ ಫ್ಯಾನ್ ಸಾಕು. ಅದು ಸುಮಾರು 5 ವ್ಯಾಟ್ ತಿನ್ನುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಲೆಕ್ಕದಲ್ಲಿ 37 ವ್ಯಾಟ್ ಅವರ್. ಅಲ್ಲಿ ಇಲ್ಲಿ ಸೋರಿ ಕೈಗೆ ಸಿಗುವುದು 30ರ ಹತ್ತಿರ. ರಾತ್ರಿ ಹತ್ತಕ್ಕೆ ಹಾಕಿದರೆ ನಾಲ್ಕಕ್ಕೆ ನಿಲ್ಲುತ್ತದೆ, ಸರಿಯಾಗಿ ನಿದ್ದೆ ಹತ್ತಿದ ಹೊತ್ತಿಗೆ. 20,000ದ್ದು ತೆಗೆದುಕೊಳ್ಳಿ, ಬೆಳಗಿನವರೆಗೆ ಓಡುತ್ತದೆ. ಹಗಲು ಬಿಸಿಲಲ್ಲಿ ಕಾರು ನಿಲ್ಲಿಸಿದಾಗ ಅದನ್ನು ಒಳಗೆ ಬಿಡಬೇಡಿ. ಕಾರಿನ ಬ್ಯಾಟರಿಗೆ ಕೈ ಹಾಕಲೇಬೇಡಿ. ಸಣ್ಣ ಕಾರಿನದು 35 ಆಂಪಿಯರ್ ಅವರ್ ಅಷ್ಟೇ. ರಾತ್ರಿಯೆಲ್ಲ ಕೀ ತಿರುವಿ ಹಾಡು ಹಾಕಿಕೊಂಡರೆ ಬೆಳಿಗ್ಗೆ ತಳ್ಳೋಕೆ ಜನ ಹುಡುಕಬೇಕು. ಇನ್ನೊಂದು ಮಾತು: ಫ್ಯಾನನ್ನು ಸುಮ್ನೆ ಮುಖದ ಮುಂದೆ ಇಟ್ಟರೆ ಒಳಗಿನ ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತದೆ. ಕಿಟಕಿ ಮೇಲಿನ ಹಿಡಿಕೆಗೆ ಸಿಕ್ಕಿಸಿ, ಪರದೆಗೆ ಬೆನ್ನು ಮಾಡಿ ಇಡಿ. ಹೊರಗಿನ ತಣ್ಣನೆ ಗಾಳಿ ಎಳೆಯಬೇಕು. ಎದುರಿನ ಬಾಗಿಲಿನ ಗಾಜೂ ಇಳಿದಿರಲಿ.

ಇನ್ನು ಹಾಸಿಗೆ. ಸೀಟು ಕೀಳಬೇಡಿ. ಆರ್‌ಸಿಯಲ್ಲಿ ಐದು ಸೀಟು ಅಂತ ಇರುವಾಗ ಕಾರಿನ ಮೂಲ ವಿನ್ಯಾಸ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಬೇಕಾಗಿಯೂ ಇಲ್ಲ. ಎಡಗಡೆ ಮುಂದಿನ ಸೀಟಿಗೆ ಸ್ಟೇರಿಂಗ್ ಕಾಟವಿಲ್ಲ. ಅದರ ಹೆಡ್‌ರೆಸ್ಟ್ ಕಳಚಿ, ಸೀಟನ್ನು ಪೂರ್ತಿ ಮುಂದೆ ಸರಿಸಿ, ಬೆನ್ನನ್ನು ಪೂರ್ತಿ ಹಿಂದೆ ಮಲಗಿಸಿ. ಹೋಗಿ ಹಿಂದಿನ ಸೀಟಿಗೆ ಕೂಡುತ್ತದೆ. ಹಿಂದೆ ತಲೆ, ಮುಂದೆ ಕಾಲು. ನಾನು ಐದಡಿ ಏಳಿಂಚು, ಮೊಣಕಾಲು ಸ್ವಲ್ಪ ಮಡಚಿದರೆ ಹಿಡಿಸುತ್ತದೆ. ಕೆಲವು ಬೇಸ್ ಮಾಡೆಲ್‌ಗಳಲ್ಲಿ ಹೆಡ್‌ರೆಸ್ಟ್ ಸೀಟಿಗೇ ಸೇರಿಕೊಂಡಿರುತ್ತದೆ, ನಿಮ್ಮದು ಯಾವುದೋ ನೋಡಿ. ಹಾಗಿದ್ದರೆ ಹಿಂದಿನ ಸೀಟು ಮಡಚಿ ಡಿಕ್ಕಿ ಕಡೆಯಿಂದ ಹಾಸಬೇಕು, ಮುಂದೆ ಕಾಲಿಡುವ ಗುಂಡಿಗೆ ಒಂದು ಟೊಮೆಟೊ ಕ್ರೇಟ್ ಮಗುಚಿ ಹಾಕಿ.

ಸೀಟು ಮಲಗಿಸಿದರೂ ಸಮ ಇರುವುದಿಲ್ಲ. ಎರಡು ಸೀಟು ಕೂಡುವಲ್ಲಿ ಒಂದು ಹಳ್ಳ, ಸೊಂಟಕ್ಕೆ ಒಂದು ದಿಬ್ಬ. ಇದಕ್ಕೆ ಫೋಮ್ ಗೀಮ್ ಏನೂ ಬೇಡ, ಕೌದಿ ಇದೆಯಲ್ಲ. ಒಂದು ಕೌದಿಯನ್ನು ಉದ್ದಕ್ಕೆ ಬಿಗಿಯಾಗಿ ಸುರುಳಿ ಸುತ್ತಿ ಹಳ್ಳಕ್ಕೆ ತುರುಕಿ, ಇನ್ನೊಂದನ್ನು ಎರಡು ಮಡಿಕೆ ಮಾಡಿ ಮೇಲೆ ಹಾಸಿ. ನಮ್ಮವ್ವನ ಹಳೇ ಸೀರೆ ಕೌದಿ ಮುಂದೆ ಆ ಫೋಮ್ ಏನೇನೂ ಅಲ್ಲ. ಫೋಮ್ ಬೆವರು ಹಿಡಿಯುತ್ತದೆ, ಕೌದಿ ಕುಡಿದುಬಿಡುತ್ತದೆ. ಸಾಕಾದಾಗ ಒಗೆಯಲೂ ಬಹುದು. ಮಲಗುವ ಮೊದಲು ಒಂದು ನೀರಿನ ಬಾಟಲಿಯನ್ನು ಸೀಟಿನ ಮೇಲೆ ಅಡ್ಡ ಇಟ್ಟು ನೋಡಿ. ಕಾಲಿನ ಕಡೆ ಉರುಳಿದರೆ ಸರಿ. ತಲೆ ಕಡೆ ಉರುಳಿದರೆ ಕಾರು ತಿರುಗಿಸಿ ನಿಲ್ಲಿಸಿ.

ಚೈಲ್ಡ್ ಲಾಕ್ ಮರೆಯಬೇಡಿ. ಹಿಂದಿನ ಬಾಗಿಲು ತೆರೆದರೆ ಅಂಚಿನಲ್ಲಿ ಸಣ್ಣ ಗುಂಡಿ ಇರುತ್ತದೆ, ಅದು ಹಾಕಿದ್ದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ನಮ್ಮ ಮನೆಯಲ್ಲಿ ಹುಡುಗರಿಗಾಗಿ ಅದನ್ನು ಹಾಕಿದ್ದರು, ನನಗೆ ಗೊತ್ತಿಲ್ಲ. ಬ್ಯಾಡಗಿಯಲ್ಲಿ ರಾತ್ರಿ ಎರಡು ಗಂಟೆಗೆ ಉಚ್ಚೆಗೆ ಎದ್ದರೆ ಬಾಗಿಲು ಬರಲೊಲ್ಲದು. ಕತ್ತಲಲ್ಲಿ ಗೇರ್ ದಾಟಿ ಡ್ರೈವರ್ ಸೀಟಿಗೆ ಹಾಯುವಾಗ ಮೊಣಕೈ ಹಾರನ್ ಮೇಲೆ ಬಿತ್ತು. ಪಕ್ಕದ ಲಾರಿಯವನು ಎದ್ದು ಬೈದದ್ದು ಪೂರ್ತಿ ಬರೆಯೋಕೆ ಆಗಲ್ಲ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ಅರ್ಧ ನಿದ್ದೆ. ಹೊಲದಲ್ಲಾದರೆ ಒಣ ಹುಲ್ಲಿನ ಮೇಲೆ ನಿಲ್ಲಿಸಲೇಬೇಡಿ, ಓಡಿ ಬಂದ ಕಾರಿನ ಸೈಲೆನ್ಸರ್ ಬಿಸಿಗೆ ಭತ್ತದ ಹುಲ್ಲು ಹತ್ತಿಕೊಳ್ಳಬಹುದು. ಕಾಲುವೆ ಏರಿಯಿಂದ ಸ್ವಲ್ಪ ದೂರ ಇದ್ದರೆ ಸೊಳ್ಳೆ ಕಡಿಮೆ. ಮಧ್ಯಾಹ್ನದಿಂದಲೇ ಬೇವಿನ ಮರದ ನೆರಳಿಗೆ ಹಾಕಿಡಿ, ತಗಡು ಒಂದು ಸಲ ಕಾದರೆ ರಾತ್ರಿ ಬಹಳ ಹೊತ್ತು ಆರುವುದಿಲ್ಲ. ಮರ ಮೂಡಲ ದಿಕ್ಕಿಗೆ ಬಂದರೆ ಬೆಳಗಿನ ಬಿಸಿಲೂ ತಪ್ಪುತ್ತದೆ. ಹುಣಸೆ ಮರದ ಕೆಳಗೆ ಮಲಗಬಾರದು ಅಂತ ಹಿರಿಯರು ಅನ್ನುತ್ತಾರೆ. ದೆವ್ವದ ಮಾತು ಬಿಡಿ, ಹಕ್ಕಿ ಹಿಕ್ಕೆ ತೊಳೆದು ತೊಳೆದು ನನಗೆ ಸಾಕಾಗಿದೆ. ಆನೆಗೊಂದಿ, ಸಾಣಾಪುರ ಕಡೆ ಬಂಡೆ ಪಕ್ಕ ನಿಲ್ಲಿಸುವ ಆಸೆ ಬೇಡ. ಬಂಡೆ ಹಗಲಿನ ಕಾವನ್ನು ರಾತ್ರಿ ಬಿಡುತ್ತದೆ, ಮೇಲಾಗಿ ಚಿರತೆ ಓಡಾಡುವ ಜಾಗ. ಬ್ಯಾಡಗಿಗೆ ಹೋಗುವಾಗ ತೋರಣಗಲ್ಲು ದಾಟಿದ ಮೇಲೇ ನಿಲ್ಲಿಸಿ, ಅಲ್ಲಿ ಅದಿರು ಲಾರಿಗಳ ಧೂಳು ಪರದೆಯನ್ನೂ ಬಿಡುವುದಿಲ್ಲ. ಹೊಸಪೇಟೆ ಕೊಪ್ಪಳ ಹೈವೇಯಲ್ಲಿ ದೀಪ ಇರುವ ಪೆಟ್ರೋಲ್ ಬಂಕ್ ನೋಡಿ, ಒಂದು ಮಾತು ಕೇಳಿ ನಿಲ್ಲಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಇಂಥ ಕಡೆ ಗಾಜು ಎರಡು ಬೆರಳಿಗಿಂತ ಜಾಸ್ತಿ ಇಳಿಸಬೇಡಿ, ಕೈ ತೂರಬಾರದು.

ಮರೆಗೆ ಅಂತ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬೇಡಿ, 2012ರಲ್ಲೇ ಸುಪ್ರೀಂ ಕೋರ್ಟ್ ಬೇಡ ಅಂದಿದೆ, ದಂಡ ಬೀಳುತ್ತದೆ. ಬಾಗಿಲು ಹಾಕುವಾಗ ಮೇಲಂಚಿಗೆ ಟವೆಲ್ ಸಿಕ್ಕಿಸಿದರೆ ಅದೇ ಮರೆ.

ಬ್ಯಾಡಗಿಗೆ ಹೋಗುವ ಜನವರಿ, ಫೆಬ್ರುವರಿಯಲ್ಲಿ ಸೆಕೆ ಇರುವುದಿಲ್ಲ, ಫ್ಯಾನೂ ಬೇಡ, ಇನ್ನೊಂದು ಕೌದಿ ಬೇಕು. ಆದರೆ ಸ್ಯಾಂಪಲ್ ಅಂತ ಒಂದು ಚೀಲ ಮೆಣಸಿನಕಾಯಿಯನ್ನೂ ಕಾರಿನೊಳಗೆ ಇಟ್ಟುಕೊಳ್ಳಬೇಡಿ. ಘಾಟಿಗೆ ರಾತ್ರಿಯೆಲ್ಲ ಕೆಮ್ಮು, ಆ ವಾಸನೆ ಕೌದಿಗೆ ಹತ್ತಿದರೆ ಮೂರು ಒಗೆತಕ್ಕೂ ಹೋಗಲ್ಲ. ಎಲ್ಲ ಚೀಲವೂ ಸರಕಿನ ಗಾಡಿಯಲ್ಲೇ ಹೋಗಲಿ, ದಲಾಲಿ ಅಂಗಡಿಯಲ್ಲೇ ಇರಲಿ.

ನಿಮ್ಮ ಪ್ರಶ್ನೆಯ ಕೆಳಗೆ ತನ್ನದು ಆಲ್ಟೋ ಕಾರು ಅಂತ ಬರೆದ ಮಾನ್ವಿ ತಮ್ಮನಿಗೆ: ಹೆಡ್‌ರೆಸ್ಟ್ ಕಳಚಿ ಬಂದರೆ ಅದರಲ್ಲೂ ಸೀಟು ಹೀಗೇ ಮಲಗಿಸಬಹುದು. ಆದರೆ ಒಳಗೆ ಎತ್ತರ ಕಡಿಮೆ, ಎದ್ದು ಕೂತರೆ ತಲೆ ತಾಗುತ್ತದೆ. ನೀವು ಆರಡಿ ಇದ್ದೀರಿ ಅಂದಿರಿ. ಪರದೆ ಮಾಡಿಸಿಟ್ಟುಕೊಳ್ಳಿ, ಕೂತು ತೂಕಡಿಸೋಕಾದರೂ ಆಗುತ್ತದೆ. ಮಲಗೋಕೆ ಟ್ರಾಲಿನೇ ಮೇಲು.

ಅಣ್ಣಾ, ನಿಮ್ಮದು ಯಾವ ವರ್ಷದ ಮಾಡೆಲ್ ಅಂತ ಹೇಳಿ. ನನ್ನದಕ್ಕೆ ಹೊಂದಿದರೆ ಪರದೆ ಕತ್ತರಿಸಿದ ಪೇಪರ್ ಅಚ್ಚು ಮನೆಯಲ್ಲಿದೆ, ಸಿರುಗುಪ್ಪ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.